ಎಲ್ಲರ ಉಸಿರೂ ಇಪ್ಪತ್ತೇ

ಹೋದ ತಿಂಗಳು ನನ್ನ ಸೋದರತ್ತೆಯನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹಳೆಯ ಸಕ್ಕರೆ ಕಾಯಿಲೆ. ಅಂಗಾಲಿಗೆ ಜಾಲಿಮುಳ್ಳು ಚುಚ್ಚಿದ್ದನ್ನು ಯಾರಿಗೂ ಹೇಳದೆ, ಅರಿಸಿನ ಮೆತ್ತಿಕೊಂಡು ನಾಲ್ಕು ದಿನ ಓಡಾಡಿದ್ದರು. ಕಾಲು ಮೊಣಕಾಲಿನವರೆಗೆ ಕೆಂಪಗೆ ಊದಿ, ಚಳಿ ಜ್ವರ ಬಂದ ಮೇಲೆ ಬಾಯಿಬಿಟ್ಟರು. ಆ ಐದು ದಿನ ಅವರ ಮಂಚದ ಪಕ್ಕದ ಕಬ್ಬಿಣದ ಸ್ಟೂಲಿನ ಮೇಲೆ ನಾನು 'ರೋಗಿಯ ಕಡೆಯವರು' ಆಗಿ ಕುಳಿತಿದ್ದೆ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳೆಂದು ಅಲ್ಲಿ ಹೇಳಿರಲಿಲ್ಲ. ಹೇಳಿದರೆ ವಿದ್ಯಾರ್ಥಿಗಳ ಕೈ ನಡುಗುತ್ತದೆ, ಸಿಸ್ಟರುಗಳ ಮುಖ ಬಿಗಿಯುತ್ತದೆ. ಜೊತೆಗೆ ಅತ್ತೆಗೆ ಊರಿಗೆಲ್ಲ ಸಾರುವ ಚಾಳಿ ಇರುವುದರಿಂದ ಅವರ ಬಾಯನ್ನೂ ಕಟ್ಟಿಹಾಕಿದ್ದೆ.

ಎರಡನೆಯ ಸಂಜೆ ಒಬ್ಬಳು ವಿದ್ಯಾರ್ಥಿನಿ ಟ್ರೇ ಹಿಡಿದು ಬಂದಳು. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟಳು, ತೋಳಿಗೆ ಬಿಪಿ ಪಟ್ಟಿ ಸುತ್ತಿದಳು, ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದಳು. ನಾಡಿಯ ಲೆಕ್ಕವನ್ನೂ ಆಕ್ಸಿಮೀಟರಿನಿಂದಲೇ ಓದಿಕೊಂಡಳು. ಚಾರ್ಟಿನಲ್ಲಿ ಎಲ್ಲವನ್ನೂ ದುಂಡಗೆ ಬರೆದಳು. ಕೊನೆಗೆ ಉಸಿರಾಟದ ಕಾಲಂನಲ್ಲಿ 20 ಎಂದು ಬರೆದು, 'ಅಜ್ಜಿ, ಮಲಗಿ' ಎಂದು ಮುಂದಿನ ಮಂಚಕ್ಕೆ ಹೋದಳು. ಅತ್ತೆಯ ಎದೆಯ ಕಡೆ ಒಂದು ಸಲವೂ ಕಣ್ಣು ಹಾಯಿಸಿರಲಿಲ್ಲ.

ಚಾರ್ಟ್ ತೆಗೆದು ನೋಡಿದೆ. ಅಡ್ಮಿಟ್ ಆದಾಗಿನಿಂದ ಜ್ವರ ಏರಿದೆ, ಇಳಿದಿದೆ. ನಾಡಿ ಏರಿದೆ, ಇಳಿದಿದೆ. ಉಸಿರು ಮಾತ್ರ ರಾಮನ ಮಾತಿನಂತೆ 20ರಲ್ಲೇ ನಿಂತಿದೆ. ಕೈಕಾಲು ತೊಳೆಯಲು ಹೋಗುವ ನೆಪದಲ್ಲಿ ದಾರಿಯ ಮಂಚಗಳಿಗೆ ತೂಗುಹಾಕಿದ್ದ ಚಾರ್ಟುಗಳ ಮೇಲೂ ಕಣ್ಣಾಡಿಸಿದೆ. ಅದು ಸರಿಯಲ್ಲ, ಗೊತ್ತು, ಚಟ. ಎಲ್ಲದರಲ್ಲೂ 20. ಒಂದರಲ್ಲಿ 22 ಇತ್ತು, ಯಾರೋ ಧಾರಾಳಿ. ಗ್ಯಾಸ್ಟ್ರಿಕ್ ಎಂದು ಬಂದ ಹುಡುಗನಿಗೂ 20, ಮೂರು ದಿಂಬು ಒರಗಿಸಿಕೊಂಡು ಕುಳಿತೇ ನಿದ್ದೆ ಮಾಡುತ್ತಿದ್ದ ಮುದುಕರಿಗೂ 20.

ಅತ್ತೆ ನಿದ್ದೆ ಹೋದ ಮೇಲೆ ಒಂದು ನಿಮಿಷ ಎಣಿಸಿದೆ. 18 ಬಂತು. ಅಂದರೆ ಆ ಹುಡುಗಿ ಬರೆದದ್ದರಿಂದ ಯಾರಿಗೂ ಏನೂ ಆಗಲಿಲ್ಲ. 18ಕ್ಕೂ 20ಕ್ಕೂ ಚಿಕಿತ್ಸೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಅಂದಿನಿಂದ ಈ ವಿಷಯ ತಲೆಯಲ್ಲಿ ಕೊರೆಯುತ್ತಲೇ ಇದೆ. ತಪ್ಪಾಗಿದ್ದರೆ ಬೈದು ಮರೆಯಬಹುದಿತ್ತು. ಹೆಚ್ಚುಕಡಿಮೆ ಸರಿಯಾಗಿತ್ತಲ್ಲ, ಅದೇ ತೊಂದರೆ. ನೂರು ರೋಗಿಗಳಿಗೆ ಕಣ್ಣುಮುಚ್ಚಿ 20 ಎಂದು ಬರೆದರೆ ತೊಂಬತ್ತಕ್ಕಿಂತ ಹೆಚ್ಚು ಸಲ ಅದು ಸತ್ಯಕ್ಕೆ ಹತ್ತಿರವೇ ಇರುತ್ತದೆ ಎಂಬುದು ಈ ಕೆಲಸದಲ್ಲಿ ತಲೆ ನರೆತ ನನ್ನ ಅಂದಾಜು. ಅಷ್ಟು ನಿಷ್ಠೆಯಿಂದ ಕೈಹಿಡಿಯುವ ಸುಳ್ಳನ್ನು ಯಾರು ಬಿಡುತ್ತಾರೆ?

ಇನ್ಸುಲಿನ್ನಿಗೆ ಹೆದರಿದಷ್ಟು

ಅದೇ ಹುಡುಗಿಯನ್ನು ದಡ್ಡಿ, ಸೋಮಾರಿ ಎಂದು ತಳ್ಳಿಹಾಕುವಂತಿಲ್ಲ. ಮರುದಿನ ರಾತ್ರಿ ಊಟದ ಹೊತ್ತಿಗೆ ಇನ್ಸುಲಿನ್ ಕೊಡಲು ಅವಳೇ ಬಂದಳು. ನಮ್ಮಲ್ಲಿ ಇನ್ಸುಲಿನ್ ಬಾಟಲಿ ಎರಡು ಬಗೆಯದು ಸಿಗುತ್ತದೆ, ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವುದು, 100 ಯೂನಿಟ್ ಇರುವುದು. ಮೊದಲನೆಯದಕ್ಕೆ ಕೆಂಪು ಮುಚ್ಚಳದ ಸಿರಿಂಜು, ಎರಡನೆಯದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾಗಿ 100ರ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು 50 ಯೂನಿಟ್. ಅವಳು ಬಾಟಲಿಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಓದಿದಳು, ಮುಚ್ಚಳದ ಬಣ್ಣ ನೋಡಿದಳು, ಎಳೆದಾದ ಮೇಲೆ ಇನ್ನೊಬ್ಬ ಸಿಸ್ಟರಿಗೆ ತೋರಿಸಿ ಬಂದಳು. ಚುಚ್ಚುವ ಮುನ್ನ 'ಅಜ್ಜಿ, ಊಟ ಬಂದಿದೆಯಾ? ತಟ್ಟೆ ಎಲ್ಲಿ?' ಎಂದು ಕೇಳಿದಳು. ಊಟ ಬರುತ್ತದೆ ಎಂದು ಅತ್ತೆ ಹೇಳಿದರೆ ಒಪ್ಪಲಿಲ್ಲ. ತಟ್ಟೆ ಕಣ್ಣಿಗೆ ಬೀಳುವವರೆಗೆ ಕಾದಳು. ನನಗೆ ಎದ್ದು ಬೆನ್ನು ತಟ್ಟಬೇಕೆನಿಸಿತು.

ಒಂದೇ ತಲೆ, ಒಂದೇ ಕೈ. ಇನ್ಸುಲಿನ್ನಿನ ಪಾಠ ಮಂಚದವರೆಗೆ ನಡೆದುಬಂದಿದೆ, ಉಸಿರಿನ ಪಾಠ ನೋಟ್ ಬುಕ್ಕಿನಲ್ಲೇ ಉಳಿದಿದೆ. ಯಾಕೆಂದು ಯೋಚಿಸಿದರೆ ಉತ್ತರ ಅಷ್ಟೇನೂ ಹಿತವಾಗಿಲ್ಲ. ಇನ್ಸುಲಿನ್ ತಪ್ಪಿದರೆ ರೋಗಿ ಬೆವರುತ್ತಾರೆ, ನಡುಗುತ್ತಾರೆ, ತೊದಲುತ್ತಾರೆ. ಕೊಟ್ಟವರ ಸಹಿ ಅಲ್ಲೇ ಇರುತ್ತದೆ. ಉಸಿರು ಎಣಿಸದೆ ಬರೆದರೆ ಕೇಳುವವರಿಲ್ಲ. ರೌಂಡ್ಸಿಗೆ ಬರುವ ಡಾಕ್ಟರೂ ಆ ಕಾಲಂ ನೋಡುವುದಿಲ್ಲ, ಅದರಲ್ಲಿ ಇರುವುದು 20 ಎಂದು ಅವರಿಗೂ ಗೊತ್ತು. ಬರೆಯುವವರು ಎಣಿಸುವುದಿಲ್ಲವೆಂದು ಓದುವವರು ಓದುವುದಿಲ್ಲ, ಓದುವವರು ಓದುವುದಿಲ್ಲವೆಂದು ಬರೆಯುವವರು ಎಣಿಸುವುದಿಲ್ಲ.

ಇನ್ನೊಂದು ಕಾರಣ ನಮ್ಮ ಕಡೆಯದು, ಪಾಠ ಮಾಡುವವರ ಕಡೆಯದು. ವಯಸ್ಕರ ಉಸಿರಾಟ ನಿಮಿಷಕ್ಕೆ 12ರಿಂದ 20 ಎಂದು ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತೇವೆ. ವೈವಾದಲ್ಲಿ ಅದನ್ನೇ ಕೇಳುತ್ತೇವೆ. 20 ಎಂದರೆ ಅಂಕ, 30 ಎಂದರೆ ತಪ್ಪು. ಹೀಗೆ ಬೆಳೆದ ಮಕ್ಕಳು ವಾರ್ಡಿಗೆ ಬಂದು ರೋಗಿಯ ಚಾರ್ಟಿನಲ್ಲೂ ಸರಿಯುತ್ತರವನ್ನೇ ಬರೆಯುತ್ತಾರೆ. ರೋಗಿಯ ಉತ್ತರ ಬೇರೆ ಇರಬಹುದು ಎಂಬುದು ಅವರ ಲೆಕ್ಕದಲ್ಲೇ ಇಲ್ಲ. ಅವರ ಕೇರ್ ಪ್ಲಾನ್ ಪುಸ್ತಕಗಳನ್ನು ತಿದ್ದುವಾಗಲೂ ಇದೇ ಕಥೆ. ಮೂಳೆ ಮುರಿದವರಿಗೂ, ಹೆರಿಗೆಯಾದವರಿಗೂ, ಡೆಂಗಿ ಜ್ವರಕ್ಕೂ ಕೊನೆಯ ಸಾಲು 'ಸೈಕಲಾಜಿಕಲ್ ಸಪೋರ್ಟ್ ಕೊಡಲಾಯಿತು'. ಯಾರಿಗೆ, ಯಾವಾಗ, ಏನು ಹೇಳಿ ಕೊಟ್ಟೆ ಎಂದು ಒಮ್ಮೆ ಕೇಳಿದೆ. ಹುಡುಗ ಪ್ರಾಮಾಣಿಕ; 'ಸೀನಿಯರ್ ಪುಸ್ತಕದಲ್ಲಿ ಇತ್ತು ಮ್ಯಾಡಮ್' ಎಂದ.

ನನ್ನ ಕೈಬರಹದ 20

ಇಷ್ಟು ಹೇಳುವ ನಾನು ಯಾವ ಊರಿನ ಸಾಧ್ವಿ? ಮೂರನೆಯ ವರ್ಷದ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಗ ಗಂಡಸರ ಸರ್ಜಿಕಲ್ ವಾರ್ಡಿನಲ್ಲಿ ನನಗೆ ನೈಟ್ ಪೋಸ್ಟಿಂಗ್ ಇತ್ತು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು. ಕಾಲೇಜು ಸೇರುವಾಗ ಅಪ್ಪ ಸೆಕೆಂಡ್ ಮುಳ್ಳು ಇರುವ ಎಚ್‌ಎಂಟಿ ವಾಚು ಕೊಡಿಸಿದ್ದರು, ಸೆಕೆಂಡ್ ಮುಳ್ಳು ಕಡ್ಡಾಯ ಎಂದು ಕಾಲೇಜಿನ ಪಟ್ಟಿಯಲ್ಲೇ ಬರೆದಿತ್ತು. ವಾಚು ಕೈಯಲ್ಲಿತ್ತು. ಆದರೂ ಎಣಿಸುತ್ತಿರಲಿಲ್ಲ.

ಕಿಟಕಿಯ ಪಕ್ಕದ ಮಂಚದಲ್ಲಿ ಮಾರುಕಟ್ಟೆಯ ಹಮಾಲರೊಬ್ಬರಿದ್ದರು. ಕರುಳು ತೂತಾಗಿ ಆಪರೇಷನ್ ಆಗಿ ಮೂರನೆಯ ದಿನ. ರಾತ್ರಿ ಹತ್ತಕ್ಕೆ ಜ್ವರ 99, ಬಿಪಿ 110/70, ಉಸಿರು 20 ಎಂದು ಬರೆದೆ. ಹನ್ನೊಂದರ ಸುಮಾರಿಗೆ ಅವರ ಹೆಂಡತಿ ನರ್ಸಿಂಗ್ ಸ್ಟೇಶನ್ನಿಗೆ ಬಂದು ಸೆರಗು ಹಿಡಿದುಕೊಂಡು ನಿಂತರು. 'ಸಿಸ್ಟರ್, ಇವರು ಯಾಕೋ ಸುಮ್ಮನೆ ಮಲಗುತ್ತಿಲ್ಲ. ಆ ಕಡೆ ಈ ಕಡೆ ಮಗ್ಗುಲಾಗುತ್ತಾರೆ, ಹೊದಿಕೆ ಕಿತ್ತು ಹಾಕುತ್ತಾರೆ' ಎಂದರು. 'ಹೊಲಿಗೆ ನೋವು ಇರುತ್ತದೆ ಅಮ್ಮ, ಇಂಜೆಕ್ಷನ್ ಕೊಟ್ಟಿದ್ದೇವೆ, ನೀವೂ ಮಲಗಿ' ಎಂದೆ. ತುಂಬ ಮೃದುವಾಗಿಯೇ ಹೇಳಿದೆ. ಬಹುಶಃ ಅದೇ ನನ್ನ ಸೈಕಲಾಜಿಕಲ್ ಸಪೋರ್ಟ್. ಎರಡು ಗಂಟೆಗೆ ಮತ್ತೆ ಬಿಪಿ ನೋಡಿದೆ, 106/70. ಉಸಿರು 20.

ಎರಡೂವರೆ ದಾಟಿದ ಮೇಲೆ ಪಕ್ಕದ ವಾರ್ಡಿನ ಹಿರಿಯ ಸಿಸ್ಟರೊಬ್ಬರು ಹತ್ತಿ ಕೇಳಲು ಬಂದರು. ಬಂದ ಕೆಲಸ ಹತ್ತಿ. ಬಾಗಿಲಿನಿಂದ ಸ್ಟೇಶನ್ನಿಗೆ ನಡೆಯುವಾಗ ಅವರ ಹೆಜ್ಜೆ ಆ ಮಂಚದ ಬಳಿ ನಿಧಾನವಾಯಿತು, ನಿಂತಿತು. ಮುಂಗೈ ಹಿಡಿದರು, ನಾಡಿ ನೋಡುತ್ತಿದ್ದಾರೆ ಎಂದುಕೊಂಡೆ. ಅವರ ಕಣ್ಣು ಹಮಾಲರ ಹೊಟ್ಟೆಯ ಮೇಲಿತ್ತು. ಒಂದು ನಿಮಿಷ ಅಷ್ಟು ದೊಡ್ಡದೆಂದು ನನಗೆ ಅಂದು ಗೊತ್ತಾಯಿತು. ಆಮೇಲೆ ಬಗ್ಗಿ ಮೂತ್ರದ ಚೀಲ ನೋಡಿದರು. ಎಂಟು ಗಂಟೆಗೆ ನಾನೇ ಖಾಲಿ ಮಾಡಿದ್ದ ಚೀಲ. ತಳದಲ್ಲಿ ಕಾಫಿ ಡಿಕಾಕ್ಷನ್ ಬಣ್ಣದ ನೀರು, 100 ಮಿಲಿ ಇದ್ದೀತು.

'ಇವರು ಎಷ್ಟು ಹೊತ್ತಿನಿಂದ ಹೀಗೆ ಉಸಿರಾಡುತ್ತಿದ್ದಾರೆ?'

ನಾನು ಚಾರ್ಟು ನೋಡಿದೆ, ಅದರಲ್ಲಿ ಉತ್ತರವಿದೆಯೇನೋ ಎಂಬಂತೆ. ಅವರು ಮತ್ತೇನೂ ಕೇಳದೆ ಆಕ್ಸಿಜನ್ ಹಚ್ಚಿಸಿದರು, ಡ್ಯೂಟಿ ಡಾಕ್ಟರನ್ನು ಎಬ್ಬಿಸಲು ಕಳುಹಿಸಿದರು, ಬಂದ ಡಾಕ್ಟರಿಗೆ 'ಉಸಿರು 34, ಯೂರಿನ್ ಇಲ್ಲ, ಮೈ ತಣ್ಣಗಿದೆ' ಎಂದು ಮೂರೇ ಮಾತಿನಲ್ಲಿ ಹೇಳಿದರು. ಬೆಳಗಿನ ಜಾವ ಮತ್ತೆ ಹೊಟ್ಟೆ ತೆರೆದರು. ಹಾಕಿದ್ದ ಹೊಲಿಗೆ ಸೋರುತ್ತಿತ್ತು. ಹಮಾಲರು ಬದುಕಿದರು, ತಿಂಗಳಾಗುತ್ತ ಬಂದಾಗ ಮನೆಗೆ ಹೋದರು. ಅವರ ಹೆಂಡತಿ ಹೋಗುವಾಗ ನನಗೂ ಒಂದು ಬಾಳೆಹಣ್ಣಿನ ಚಿಪ್ಪು ಕೊಟ್ಟರು. ಅದನ್ನು ಹೇಗೆ ಇಸಿದುಕೊಂಡೆನೋ ನೆನಪಿಲ್ಲ, ತಿನ್ನಲಂತೂ ಇಲ್ಲ.

ಆ ರಾತ್ರಿ ಡಾಕ್ಟರು ಹೋದ ಮೇಲೆ ಚಾರ್ಟಿನಲ್ಲಿ ನಾನು ಬರೆದ 20ರ ಮೇಲೆ ಪೆನ್ನು ಇಡಲು ಹೋದೆ. ಸಿಸ್ಟರ್ ನನ್ನ ಕೈ ಹಿಡಿದರು. 'ಮುಟ್ಟಬೇಡ. ಇರಲಿ' ಎಂದರು. ಅದರ ಮುಂದಿನ ಮನೆಯಲ್ಲಿ 2.40 ಎಂದು ಸಮಯ ಹಾಕಿ 34 ಎಂದು ಬರೆದರು. ನಲವತ್ತು ನಿಮಿಷದಲ್ಲಿ 20ರಿಂದ 34. ಬೈಗುಳ ಒಂದೂ ಇಲ್ಲ. ಹತ್ತಿ ತೆಗೆದುಕೊಂಡು ಹೊರಟುಹೋದರು.

ಇದರಲ್ಲಿ ನನ್ನನ್ನು ಇವತ್ತಿಗೂ ಚುಚ್ಚುವುದು ಬೇರೆ. ಅದಕ್ಕೆ ಎರಡು ವಾರದ ಹಿಂದೆ ಇಂಟರ್ನಲ್ ಪರೀಕ್ಷೆಯಲ್ಲಿ ಸೆಪ್ಟಿಕ್ ಶಾಕ್ ಲಕ್ಷಣಗಳ ಪ್ರಶ್ನೆ ಬಂದಿತ್ತು. ಟ್ಯಾಕಿಪ್ನಿಯಾ, ಟ್ಯಾಕಿಕಾರ್ಡಿಯಾ, ರೆಸ್ಟ್‌ಲೆಸ್‌ನೆಸ್, ಆಲಿಗ್ಯೂರಿಯಾ ಎಂದು ಸಾಲಾಗಿ ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ವೇಗದ ಉಸಿರು, ವೇಗದ ನಾಡಿ, ಚಡಪಡಿಕೆ, ಕಡಿಮೆ ಮೂತ್ರ: ಆ ನಾಲ್ಕೂ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿದ್ದವು. ಬಿಪಿ ಇನ್ನೂ ಬಿದ್ದಿರಲಿಲ್ಲ, ಅದಕ್ಕೇ ನಾನು ನೆಮ್ಮದಿಯಾಗಿದ್ದೆ. ಯಾಕೆ ಬಿದ್ದಿರಲಿಲ್ಲ ಎಂಬುದೂ ಪಠ್ಯದಲ್ಲಿತ್ತು. ಸೋಂಕು ರಕ್ತಕ್ಕೆ ಏರಿ ಅಂಗಾಂಗಗಳಿಗೆ ಸಾಕಷ್ಟು ರಕ್ತ ತಲುಪದಿದ್ದಾಗ ಆಮ್ಲ ಹೆಚ್ಚುತ್ತದೆ. ಮೆದುಳುಬಳ್ಳಿಯ ಹತ್ತಿರದ ಉಸಿರಾಟದ ಕೇಂದ್ರಕ್ಕೆ ಆ ಸುದ್ದಿ ಮೊದಲು ಮುಟ್ಟುತ್ತದೆ. ಇಂಗಾಲದ ಡೈಆಕ್ಸೈಡನ್ನು ಬೇಗಬೇಗ ಹೊರಗೆ ಊದಿ ಆಮ್ಲವನ್ನು ತಗ್ಗಿಸಲು ಅದು ಉಸಿರಿನ ವೇಗ ಹೆಚ್ಚಿಸುತ್ತದೆ. ಅತ್ತ ರಕ್ತನಾಳಗಳು ಬಿಗಿದುಕೊಂಡು, ಹೃದಯ ಓಡಿ ಓಡಿ ಬಿಪಿಯನ್ನು ಹೇಗೋ ಎತ್ತಿ ಹಿಡಿದಿರುತ್ತವೆ. ಹೆಚ್ಚು ಉಸಿರಾಡುವುದರಿಂದ ಆಕ್ಸಿಮೀಟರಿನಲ್ಲೂ 96, 97 ತೋರಿಸುತ್ತಿರಬಹುದು. ಯಂತ್ರಗಳೆಲ್ಲ ಚೆನ್ನಾಗಿದೆ ಎನ್ನುವಾಗ ಎದೆಯೊಂದೇ ಇಲ್ಲ ಎನ್ನುತ್ತದೆ. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ ಹೊರತಂದು 2017ರಲ್ಲಿ ಪರಿಷ್ಕರಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರು 25 ಮುಟ್ಟಿತೆಂದರೆ ಅದೊಂದಕ್ಕೇ ಗರಿಷ್ಠ 3 ಅಂಕ; ಇಲ್ಲಿ ಅಂಕ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಆ ಅಂಕಪಟ್ಟಿಯನ್ನು ನಮ್ಮ ಕೆಲವು ಆಸ್ಪತ್ರೆಗಳೂ ತಂದುಕೊಂಡಿವೆ. ಎಣಿಸದೆ 20 ಬರೆದರೆ ಸಿಗುವ ಅಂಕ ಸೊನ್ನೆ; ಪಟ್ಟಿ ಎಷ್ಟು ಚೆನ್ನಾಗಿದ್ದರೇನು?

ಒಂಥರಾ

ರೆಸ್ಟ್‌ಲೆಸ್‌ನೆಸ್ ಎಂದು ಬರೆಯಬಲ್ಲ ನನಗೆ 'ಸುಮ್ಮನೆ ಮಲಗುತ್ತಿಲ್ಲ' ಎಂಬುದು ಅದೇ ಎಂದು ಹೊಳೆಯಲಿಲ್ಲ. ಹುಟ್ಟಿದಾಗಿನಿಂದ ಕನ್ನಡವನ್ನೇ ಆಡಿದವಳು ನಾನು. ಲಕ್ಷಣಗಳೆಲ್ಲ ಇಂಗ್ಲಿಷಿನಲ್ಲಿ ಬಂದು ತಲೆಯ ಒಂದು ಕೋಣೆಯಲ್ಲಿ ಕುಳಿತಿದ್ದವು; ರೋಗಿಗಳ ಮಾತು ಇನ್ನೊಂದು ಕೋಣೆಯಲ್ಲಿ. ನಡುವಿನ ಬಾಗಿಲನ್ನು ಯಾರೂ ತೆರೆದು ತೋರಿಸಿರಲಿಲ್ಲ. ದಮ್ಮು ಹತ್ತುತ್ತದೆ, ಜೀವ ತಳಮಳ ಎನ್ನುತ್ತದೆ, ಎದೆಯ ಮೇಲೆ ಕಲ್ಲಿಟ್ಟಂತಾಗುತ್ತದೆ, ಸಂಕಟ, ಕಸಿವಿಸಿ. ಇವೆಲ್ಲ ಅಂಕ ಸಿಗದ ಮಾತುಗಳು. ಹಾಗೆ ನೋಡಿದರೆ ಉಸಿರನ್ನು ನಮ್ಮ ನುಡಿಯಷ್ಟು ಹತ್ತಿರದಿಂದ ನೋಡಿದವರು ಕಡಿಮೆ. ಏದುಸಿರು, ನಿಟ್ಟುಸಿರು, ಬಿಸಿಯುಸಿರು. 'ಮೇಲುಸಿರು ಬಂದಿದೆ, ಮಗನಿಗೆ ಹೇಳಿಕಳುಹಿಸಿ' ಎಂದು ನಮ್ಮ ಊರಿನ ಅಜ್ಜಿಯರು ಯಾವ ಸ್ಟೆತಾಸ್ಕೋಪೂ ಇಲ್ಲದೆ ಹೇಳುತ್ತಿದ್ದರು, ಮಗ ಬರುವಷ್ಟರಲ್ಲಿ ಆ ಮಾತು ನಿಜವಾಗಿರುತ್ತಿತ್ತು.

ಈಗ ನನ್ನ ತರಗತಿಯಲ್ಲಿ ಕೇರಳದ ಮಕ್ಕಳಿದ್ದಾರೆ, ಬಂಗಾಳದವರಿದ್ದಾರೆ, ಮಣಿಪುರದವರಿದ್ದಾರೆ. 'ನೋವು ಇದೆಯಾ', 'ಊಟ ಆಯಿತಾ' ಎಂದು ಕೇಳುವುದನ್ನು ಹದಿನೈದೇ ದಿನದಲ್ಲಿ ಕಲಿಯುತ್ತಾರೆ. ಪ್ರಶ್ನೆ ಸುಲಭ; ಉತ್ತರ ಬಂದಾಗ ಕಷ್ಟ. ಒಬ್ಬಳು ಮಲಯಾಳಿ ಹುಡುಗಿ ವಾರ್ಡಿನ ಮೂಲೆಗೆ ನನ್ನನ್ನು ಎಳೆದುಕೊಂಡು ಹೋಗಿ ಕೇಳಿದಳು: 'ಮ್ಯಾಡಮ್, ಆ ಅಮ್ಮ ಒಂಥರಾ ಆಗುತ್ತದೆ ಎನ್ನುತ್ತಾರೆ. ಒಂಥರಾ ಎಂದರೆ ಯಾವ ತರ?' ನಾನು ನಕ್ಕುಬಿಟ್ಟೆ. ಆಮೇಲೆ ನಗು ನಿಂತಿತು, ಯಾಕೆಂದರೆ ಕನ್ನಡದವರು ಯಾರೂ ಈ ಪ್ರಶ್ನೆಯನ್ನು ನನಗೆ ಕೇಳಿಯೇ ಇರಲಿಲ್ಲ. ಒಂಥರಾ ಎಂದರೆ ಸಕ್ಕರೆ ಇಳಿದಿರಬಹುದು, ಹೃದಯದ ತೊಂದರೆಯಿರಬಹುದು, ಬೆಳಿಗ್ಗೆಯಿಂದ ಕಾಫಿ ಸಿಗದೇ ಇರಬಹುದು. ನಮಗೆ ಆ ಮಾತು ಅರ್ಥವಾಗುತ್ತದೆ ಎಂಬ ಭ್ರಮೆ ಇದೆ, ಹಾಗಾಗಿ ಮುಂದೆ ಕೇಳುವುದಿಲ್ಲ. ಅವಳಿಗೆ ಅರ್ಥವಾಗದ್ದರಿಂದ ಕೇಳಿದಳು. ಇಬ್ಬರೂ ಹೋಗಿ ಆ ಅಮ್ಮನ ಪಕ್ಕ ಕುಳಿತೆವು. ಕಾಫಿಯೇ ಆಗಿತ್ತು.

ನಲವತ್ತು ಮಂಚ, ನಲವತ್ತು ನಿಮಿಷ

ಪ್ರತಿ ಹೊಸ ಬ್ಯಾಚಿಗೂ ಮೊದಲ ವಾರ ವಾರ್ಡಿನಲ್ಲಿ ಯಾವ ಉಪಕರಣವನ್ನೂ ಮುಟ್ಟಲು ಬಿಡದೆ ಉಸಿರು ಎಣಿಸಲು ಹಚ್ಚುತ್ತೇನೆ, ಪೂರ್ತಿ ಒಂದು ನಿಮಿಷ. ಈಗಿನವರ ಕೈಯಲ್ಲಿ ವಾಚೇ ಇರುವುದಿಲ್ಲ, ಮೊಬೈಲು ವಾರ್ಡಿನಲ್ಲಿ ನಿಷಿದ್ಧ. ಹಾಗಾಗಿ ನಾಲ್ಕು ಅಗ್ಗದ ಗಡಿಯಾರ ನಾನೇ ಕೊಂಡಿಟ್ಟಿದ್ದೇನೆ. ಆಶಾ ಕಾರ್ಯಕರ್ತೆಯರ ಉದಾಹರಣೆ ಕೊಡುತ್ತೇನೆ. ಅವರ ಚೀಲದಲ್ಲಿ ತೂಕದ ಸಾಧನ, ಥರ್ಮಾಮೀಟರಿನ ಜೊತೆಗೆ ಒಂದು ಗಡಿಯಾರವೂ ಇರುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60, ವರ್ಷದೊಳಗಿನ ಮಗುವಿಗೆ 50, ಐದು ವರ್ಷದೊಳಗಿನವರಿಗೆ 40 ಮುಟ್ಟಿದರೆ ವೇಗದ ಉಸಿರು, ಆಸ್ಪತ್ರೆಗೆ ಕಳುಹಿಸಬೇಕು. ಹಟ್ಟಿಯ ಕತ್ತಲೆಯ ಮನೆಯಲ್ಲಿ, ಅಳುವ ಕೂಸಿನ ಅಂಗಿ ಎತ್ತಿ, ಅದು ಸುಮ್ಮನಾಗುವವರೆಗೆ ಕಾದು ಅವರು ಎಣಿಸುತ್ತಾರೆ. ಎಣಿಸಿದ ಮೇಲೆ ಏನು ಮಾಡಬೇಕೆಂದು ಅವರಿಗೆ ಗೊತ್ತು, ಆದ್ದರಿಂದಲೇ ಎಣಿಸುತ್ತಾರೆ ಎಂದು ನನ್ನ ಗುಮಾನಿ.

ಒಬ್ಬ ಹುಡುಗ ಒಂದು ಸಲ ಎದ್ದುನಿಂತು ಕೇಳಿದ: 'ಮ್ಯಾಡಮ್, ರಾತ್ರಿ ನಲವತ್ತು ರೋಗಿಗಳಿಗೆ ಒಬ್ಬ ಸಿಸ್ಟರ್. ಒಂದೊಂದು ನಿಮಿಷ ಎಂದರೂ ನಲವತ್ತು ನಿಮಿಷ ಬರೀ ಉಸಿರಿಗೆ. ಡ್ರಿಪ್ಪು ಯಾರು ನೋಡಬೇಕು?' ಅವನ ಮಾತು ನೂರಕ್ಕೆ ನೂರು ಸರಿ. ಬೋಧಕ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಎಂದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ ಹೇಳುತ್ತದೆ. ಆ ಪುಟವನ್ನು ತರಗತಿಯಲ್ಲಿ ಓದುವಾಗ ನನಗೇ ಮುಜುಗರ. ಮೂವತ್ತು ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ ಎಂದು ರಾಜಿ ಮಾಡಿಕೊಳ್ಳಬಹುದು, ಬಹಳ ಕಡೆ ಮಾಡಿಕೊಂಡಿದ್ದಾರೆ. ಅದೂ ಇಪ್ಪತ್ತು ನಿಮಿಷವೇ.

ಅವತ್ತು ಹತ್ತಿಗೆ ಬಂದ ಸಿಸ್ಟರ್ ಕೂಡ ನಲವತ್ತು ಜನರ ಉಸಿರು ಎಣಿಸಲಿಲ್ಲ. ನಡೆದು ಬರುತ್ತ ಒಂದು ಮಂಚದ ಬಳಿ ನಿಂತರು, ಅಷ್ಟೇ. ಆ ನಿಲ್ಲುವುದನ್ನು ಹೇಗೆ ಕಲಿಸುವುದು? ಹೊಸಬರು ನಿಯಮ ಹಿಡಿದು ನಡೆಯುತ್ತಾರೆ, ಪಳಗಿದವರು ಇಡೀ ಚಿತ್ರವನ್ನು ಒಮ್ಮೆಗೇ ಕಾಣುತ್ತಾರೆ ಎಂದು ಅಮೆರಿಕದ ನರ್ಸಿಂಗ್ ವಿದ್ವಾಂಸೆ ಪೆಟ್ರೀಶಿಯಾ ಬೆನ್ನರ್ 1984ರಲ್ಲಿ ಐದು ಮೆಟ್ಟಿಲುಗಳನ್ನಿಟ್ಟು ವಿವರಿಸಿದರು. ನಾವು ಅದನ್ನೂ ಹತ್ತು ಅಂಕದ ಪ್ರಶ್ನೆ ಮಾಡಿಬಿಟ್ಟೆವು. ಈಗ ಸೆಮಿಸ್ಟರ್ ಪದ್ಧತಿ ಬಂದಿದೆ, ಗೊಂಬೆಗಳ ಮೇಲೆ ಅಭ್ಯಾಸ ಮಾಡುವ ಸಿಮ್ಯುಲೇಶನ್ ಲ್ಯಾಬಿಗೆ ಗಂಟೆಗಳನ್ನು ನಿಗದಿ ಮಾಡಿದ್ದಾರೆ. ನಾನು ಅದರ ವಿರೋಧಿಯಲ್ಲ. ರೋಗಿಯ ಕೈಗೆ ಮೊದಲ ಸೂಜಿ ಚುಚ್ಚುವುದಕ್ಕಿಂತ ರಬ್ಬರಿನ ಕೈಗೆ ಚುಚ್ಚುವುದು ಎಷ್ಟೋ ಮೇಲು. ಆದರೆ ಗೊಂಬೆಯ ಹೆಂಡತಿ ರಾತ್ರಿ ಹನ್ನೊಂದಕ್ಕೆ ಸೆರಗು ಹಿಡಿದುಕೊಂಡು ಬಂದು ನಿಲ್ಲುವುದಿಲ್ಲ. ಕಲಿಸುವ ನಾವು ವಾರ್ಡಿಗೆ ನೆಂಟರಂತೆ ಹೋಗಿ ಬರುತ್ತೇವೆ. ನಿಲ್ಲಲು ಬಲ್ಲ ಸಿಸ್ಟರುಗಳಿಗೆ ಕಲಿಸುವ ಕೆಲಸ ಕೊಟ್ಟಿಲ್ಲ, ಕೊಟ್ಟರೂ ಅವರಿಗೆ ಬಿಡುವಿಲ್ಲ. ಆ ಸಿಸ್ಟರನ್ನು ಆಮೇಲೆ ಕೇಳಿದ್ದೆ, ದೂರದಿಂದಲೇ ಹೇಗೆ ಗೊತ್ತಾಯಿತು ಎಂದು. ಅವರು ಸ್ವಲ್ಪ ಯೋಚಿಸಿ, 'ನೋಡಿದೆನಲ್ಲ' ಎಂದರು.

ಕೊನೆಯ ದಿನ ಬೆಳಿಗ್ಗೆ ಅತ್ತೆಯ ಡಿಸ್ಚಾರ್ಜ್‌ಗೆ ಮುಂಚೆ ಅದೇ ಹುಡುಗಿ ಟ್ರೇ ಹಿಡಿದು ಬಂದಳು. ತಡೆಯಲಾಗಲಿಲ್ಲ. 'ಉಸಿರೂ ಎಣಿಸುತ್ತೀಯಾಮ್ಮ?' ಎಂದೆ. ಅವಳು ನನ್ನ ಮುಖ ನೋಡಿದಳು, ನನ್ನ ಕೈಯಲ್ಲಿದ್ದ ಹಳೆಯ ಎಚ್‌ಎಂಟಿ ನೋಡಿದಳು, ಏನೋ ಅರ್ಥವಾದವಳಂತೆ ಕಿವಿ ಕೆಂಪಗೆ ಮಾಡಿಕೊಂಡು 'ಎಣಿಸುತ್ತೇನೆ ಆಂಟಿ' ಎಂದಳು. ವಾಚು ಬಿಚ್ಚಿ ಕೊಟ್ಟೆ. ಅತ್ತೆಯ ಮುಂಗೈ ಹಿಡಿದು ನಿಂತಳು. ಹತ್ತು ಸೆಕೆಂಡು ಆಗುವಷ್ಟರಲ್ಲಿ ಅತ್ತೆ ತಮ್ಮ ಮುಳ್ಳಿನ ಕಥೆ ತೆಗೆದರು, ಎಣಿಕೆ ತಪ್ಪಿತು. ಮತ್ತೆ ಮೊದಲಿನಿಂದ. ಈ ಸಲ ಅತ್ತೆಗೆ ಆ ಹುಡುಗಿ ಯಾವ ಊರಿನವಳೆಂದು ತಿಳಿಯಬೇಕಿತ್ತು.

'ಅತ್ತೆ, ಒಂದು ನಿಮಿಷ ಸುಮ್ಮನಿರಿ. ನಿಮ್ಮ ಉಸಿರು ಎಣಿಸುತ್ತಿದ್ದಾಳೆ' ಎಂದುಬಿಟ್ಟೆ. ರೋಗಿಗೆ ಹೇಳಿ ಉಸಿರು ಎಣಿಸಬಾರದು ಎಂಬುದು ಈ ಪಾಠದ ಮೊದಲ ಸಾಲು.

ಅತ್ತೆ ಬಾಯಿ ಮುಚ್ಚಿ, ಕಣ್ಣು ಅಗಲಿಸಿ, ಫೋಟೋ ತೆಗೆಸಿಕೊಳ್ಳುವವರಂತೆ ಉಸಿರು ಬಿಗಿಹಿಡಿದು ಕುಳಿತರು. ಹುಡುಗಿ ಮುಳ್ಳು ನೋಡುತ್ತಾಳೆ, ಎದೆ ನೋಡುತ್ತಾಳೆ, ನನ್ನನ್ನು ನೋಡುತ್ತಾಳೆ.